ಗಿರಿಯಪ್ಪ ಬಿದ್ದದ್ದು

ಹಾನಗಲ್ಲಿನ ಸಂತೆಪೇಟೆಯ ಹಿಂದಿನ ಓಣಿಯಲ್ಲಿ ಸನಾದಿ ಗಿರಿಯಪ್ಪನ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಲಗ್ನದ ಹಂಗಾಮು ಬಂತೆಂದರೆ ಆ ಮನೆಯ ನಾಲ್ಕೂ ಮಂದಿ ಬಾಗಿಲಿಗೆ ಬೀಗ ಜಡಿದು ಪರರ ಲಗ್ನಕ್ಕೆ ಹೊರಡುವವರು. ಗಿರಿಯಪ್ಪ ಸನಾದಿ ಊದುತ್ತಿದ್ದ. ಮಗ ಮೈಲಾರಿ ಅಪ್ಪನ ಮಗ್ಗುಲಿಗೆ ನಿಂತು ಸಂಬಾಳ ಬಾರಿಸುತ್ತಿದ್ದ. ಹೆಂಡತಿ ಮಂಜವ್ವ, ಪೆಂಡಾಲು-ಪಾತ್ರೆ ಬಾಡಿಗೆಗೆ ಕೊಡುವ ದಿಲಾವರನ ಆಳಾಗಿ, ಮಂಟಪದ ಹಿತ್ತಲಿನಲ್ಲಿ ಹಂಡೆ-ಕೊಪ್ಪರಿಗೆ ತಿಕ್ಕುತ್ತಿದ್ದಳು. ಎರಡು ವರ್ಷದಿಂದ ಮಗಳು ಹೇಮಾಳೂ ಲಗ್ನಕ್ಕೇ ಹೋಗುತ್ತಿದ್ದಳು. ಆಕೆಯ ಸಾಮಾನೆಂದರೆ ಒಂದು ಫೋನು, ಅದನ್ನು ಸಿಕ್ಕಿಸುವ ಒಂದು ಕೋಲು, ಒಂದು ಗುಂಡು ದೀಪ.

ಫೋಟೋ ತೆಗೆಯುವವರು ಬೇರೆ, ವಿಡಿಯೋದವರು ಬೇರೆ, ಡ್ರೋನು ಹಾರಿಸುವವರು ಬೇರೆ. ಅವರೆಲ್ಲ ಆಲ್ಬಮ್ಮು ಕೊಡುವುದರೊಳಗೆ ಮದುಮಗಳು ಬಸುರಿಯಾಗಿರುತ್ತಿದ್ದಳು. ಹೇಮಾ ಮಾತ್ರ ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಎರಡೇ ತಾಸಿನಲ್ಲಿ ರೀಲ್ಸು ಕತ್ತರಿಸಿ, ಹಾಡು ಜೋಡಿಸಿ ಕಳಿಸಿಬಿಡುತ್ತಿದ್ದಳು. ಮಂದಿ ಊಟದ ಪಂಕ್ತಿಗೆ ಕೂಡುವ ಹೊತ್ತಿಗೆ ಆ ಲಗ್ನವನ್ನು ಪುಣೆಯಲ್ಲಿದ್ದ ನೆಂಟರೂ ನೋಡಿ ಮುಗಿಸಿರುತ್ತಿದ್ದರು. ಈ ಹಾದಿ ತೋರಿಸಿದವಳು ಸವಣೂರಿನ ಫರ್ಹತ, ಮದುಮಕ್ಕಳ ಮೇಕಪ್ಪಿನಲ್ಲಿ ನಾಲ್ಕು ತಾಲೂಕಿಗೆ ಹೆಸರಾದವಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ಹೇಮಾ ಆಕೆಯ ಸಂಗಡ ಪಿನ್ನು ಹಿಡಿಯಲು ಹೋಗಿದ್ದಳು, ಬೇಸರಕ್ಕೆ ಒಬ್ಬ ಹುಡುಗಿಯ ಮೆಹಂದಿ ಕೈಯನ್ನು ಫೋನಿನಲ್ಲಿ ಹಿಡಿದಳು, ಅದು ಓಡಿತು. ಮುಂದಿನ ಲಗ್ನಕ್ಕೆ ಪಿನ್ನು ಹಿಡಿಯಲು ಫರ್ಹತ ಬೇರೆ ಹುಡುಗಿಯನ್ನು ಹುಡುಕಬೇಕಾಯಿತು.

ಮನೆಗೆ ಹೊಸ ತಗಡು ಬಂತು, ಮಿಕ್ಸರು ಬಂತು. ಅದೇ ಎರಡು ವರ್ಷದಲ್ಲಿ ಗಿರಿಯಪ್ಪನ ತಾರೀಖುಗಳು ಉದುರಿದವು. ಮೊದಲು ಮಾಘದಿಂದ ವೈಶಾಖದವರೆಗೆ ನಲವತ್ತು ಲಗ್ನ ಹಿಡಿಯುತ್ತಿದ್ದವನಿಗೆ ಈ ಸಲ ಸಿಕ್ಕದ್ದು ಒಂಬತ್ತು. ಉಳಿದವರು ಪೆನ್‌ಡ್ರೈವಿನಲ್ಲಿ ಮಂಗಳವಾದ್ಯ ಹಚ್ಚಿಕೊಂಡರು.

ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಗಿರಿಯಪ್ಪ ಮಗಳನ್ನು ಕೆಣಕಿದ. "ಹೂವಿನಾಂವ ಹೂವ ಕೊಡ್ತಾನ. ಅಡಗಿಯಾಂವ ಊಟ ಕೊಡ್ತಾನ. ನಾ ನಾಕು ಸ್ವರಾ ಕೊಡ್ತೇನಿ. ನೀ ಏನ್ ಕೊಡ್ತೀಯವ್ವಾ ಅವರಿಗೆ?"

"ನೀವೆಲ್ಲಾ ಕೊಟ್ಟಿದ್ದು ಸಂಜಿಗೆ ಮುಗದ್ ಹೋಗತೈತಿ ಅಪ್ಪಾ. ಉಳಿಯೂದು ನಾ ಕೊಟ್ಟಿದ್ದು."

"ಕೇಳಿದ್ಯಾ ಮಂಜವ್ವಾ? ನೀ ಬೆಳಗಿದ ಭಾಂಡಿ ಸಂಜಿಗೆ ಮುಗೀತಾವಂತ."

"ಎಲ್ಲಿ ಮುಗೀತಾವ?" ಎಂದಳು ಮಂಜವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತ. "ಮರದಿನಾ ಮತ್ತ ಅಷ್ಟ ಬಂದು ಬೀಳ್ತಾವ."

ನಾಲ್ವರೂ ನಕ್ಕರು. ಆಗಿನ್ನೂ ಆ ಮನೆಯಲ್ಲಿ ಹಾಗೆ ನಗುವುದು ನಡೆದಿತ್ತು.

ಭಾರತ ಹುಣ್ಣಿಮೆ ಕಳೆದ ವಾರ ಶಿಗ್ಗಾಂವದ ಕಾಳಿನ ವ್ಯಾಪಾರಿ ಚನ್ನವೀರಪ್ಪನ ಮಗಳು ಪೂಜಾಳ ಲಗ್ನ. ಹೇಮಾಳಿಗೆ ಅಲ್ಲಿಯವರೆಗೆ ಸಿಕ್ಕ ಕೆಲಸಗಳಲ್ಲಿ ಅದೇ ದೊಡ್ಡದು. ಮದುಮಗಳ ಅಣ್ಣ ಲೋಹಿತ ಹುರುಪಿನ ಹುಡುಗ. ರೀಲ್ಸಿನಲ್ಲಿ ಹಳೇಕಾಲದ ಕಳೆ ಬರಬೇಕು, ರುಮಾಲು ಸುತ್ತಿದ ಸನಾದಿಯವರು ಬೇಕು ಎಂದಿದ್ದ. "ನನಗ ಗೊತ್ತಿದ್ದವರೊಬ್ಬರು ಅದಾರ್ರಿ," ಎಂದು ಹೇಮಾ ಅಪ್ಪನ ನಂಬರು ಕೊಟ್ಟಳು.

ಲಗ್ನದ ಮುಂಜಾನೆ ಗಿರಿಯಪ್ಪ ಅಂಗಳದಲ್ಲಿ ಕನ್ನಡಿ ಹಿಡಿದು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಆಕೆ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು.

"ಅಪ್ಪಾ, ಒಂದ್ ಮಾತು. ಅಲ್ಲೆ ನಾ ಯಾರು ಅಂತ ಹೇಳಬ್ಯಾಡ."

"ಯಾರು ಅಂದ್ರ?"

"ನಿನ್ನ ಮಗಳು ಅಂತ."

ಗಿರಿಯಪ್ಪನ ಕೈಯಲ್ಲಿನ ರೇಜರು ನಿಂತಿತು.

"ಅವರು ನನ್ನ ಕ್ರಿಯೇಟರ್ ಅಂತಾರ. ಮೇಡಮ್ ಅಂತಾರ. ಮದುಮಗಳ ಖೋಲಿಯೊಳಗ ಬಿಡ್ತಾರ. ವಾಲಗದವರ ಮಗಳು ಅಂತ ಗೊತ್ತಾದ ದಿನಾ ರೇಟು ಅರ್ಧಾ ಮಾಡ್ತಾರ, ಬಾಗಲಾ ಪೂರಾ ಮುಚ್ತಾರ. ನಿನಗ ಗೊತ್ತಿಲ್ಲೇನು ಮಂದಿ?"

"ಗೊತ್ತೈತಿ," ಎಂದ ಗಿರಿಯಪ್ಪ. ಗಲ್ಲ ಉಬ್ಬಿಸಿ ಮತ್ತೆ ಹೆರೆಯತೊಡಗಿದ. "ಆತು ಬಿಡು. ಮೇಡಮ್ ಅಂತೇನಿ."

ಒಳಗೆ ಹಿಟ್ಟು ನಾದುತ್ತಿದ್ದ ಮಂಜವ್ವನ ಕಿವಿಗೆ ಇದೆಲ್ಲ ಬಿತ್ತು. ಮಗಳು ಹೇಳಿದ್ದರಲ್ಲಿ ಸುಳ್ಳು ಹುಡುಕಿದಳು, ಸಿಗಲಿಲ್ಲ.

ಹೆದ್ದಾರಿ ಬದಿಯ ದೊಡ್ಡ ಮಂಟಪ. ಮಂಜವ್ವ ಓಣಿಯ ಗೌಸಬಿಯ ಜೊತೆ ಹಿಂದಿನ ನಳದ ಕಟ್ಟೆಯಲ್ಲಿ ಕೂತು ಉಪ್ಪಿಟ್ಟಿನ ಬುಡ ಹತ್ತಿದ ಕೊಪ್ಪರಿಗೆ ಕೆರೆಯುತ್ತಿದ್ದಳು. ಮುಂದಿನಿಂದ ಗಂಡನ ಸನಾದಿ ಎದ್ದಿತು. ಮದುಮಗಳು ಒಳಗೆ ಬರುವ ಹೊತ್ತು ಎಂದು ಆಕೆಗೆ ತಿಳಿಯಿತು. ಸನಾದಿ ಅರ್ಧಕ್ಕೆ ನಿಂತಿತು. ತುಸು ಹೊತ್ತು ಬಿಟ್ಟು ಅದೇ ರಾಗ ಮೊದಲಿನಿಂದ ಸುರುವಾಯಿತು, ಮತ್ತೆ ನಿಂತಿತು.

"ಯಾಕಬೇ, ನಿನ್ನ ಗಂಡಗ ಇವತ್ತ ದಮ್ಮು ಸಾಲವಲ್ದೇನು?" ಎಂದಳು ಗೌಸಬಿ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಹಿಡಿದ ರಾಗ ನಡುವೆ ಬಿಟ್ಟದ್ದನ್ನು ಮಂಜವ್ವ ಕೇಳಿರಲಿಲ್ಲ. ಮೂರನೆಯ ಸಲ ಸನಾದಿ ಏರಿತು, ಏರಿದ್ದು ಹಾಗೆಯೇ ಎಳೆಯಿತು, ಧಡ್ ಎಂದು ಏನೋ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಮಂಟಪವೆಲ್ಲ ಹೋ ಎಂದು ನಕ್ಕಿತು. ಎಲೆ ಎತ್ತುವವನೊಬ್ಬ ಹಿತ್ತಲಿಗೆ ಬಂದು, ಯಾರೋ ಹೂವಿನ ಕುಂಡದಾಗ ಬಿದ್ರು ಎಂದು ಬಾಯಿ ಮುಚ್ಚಿಕೊಂಡು ನಗತೊಡಗಿದ. ಅವನ ನಗು ಕಂಡು ಮಂಜವ್ವನೂ ನಕ್ಕಳು.

ಊಟದ ಹೊತ್ತಿಗೆ ಗಿರಿಯಪ್ಪ, ಮೈಲಾರಿ ಹಿತ್ತಲಿಗೆ ಬಂದರು. ಬಾಜಾದವರ ಎಲೆ ಅಲ್ಲಿಯೇ. ಗಿರಿಯಪ್ಪನ ಬಿಳಿ ಧೋತರದ ಒಂದು ಮಗ್ಗುಲು ಕೆಸರಾಗಿತ್ತು, ರುಮಾಲು ಕಂಕುಳಲ್ಲಿತ್ತು.

"ನೀವಾ ಬಿದ್ದವರು?" ಎಂದಳು ಮಂಜವ್ವ.

"ಹಿಂದ ಹಿಂದ ನಡಕೋಂತ ಬಾರಸ್ರಿ ಅಂದ್ಲು ಮೇಡಮ್," ಎಂದ ಆತ. "ಮೂರನೇ ಸಲಕ್ಕ ವಾಯರ್ ಕಾಲಿಗೆ ಸುತ್ತಿಕೊಂತು. ಸನಾದಿ ಮ್ಯಾಲ ಎತ್ತಿ ಹಿಡದ್ನಿ ನೋಡು, ಅದಕ್ಕೇನಾಗಿಲ್ಲ."

"ಆಕಿ ಏನಂದ್ಲು?"

ಮೈಲಾರಿ ಬಾಯಿ ಹಾಕಿದ. "ಏನಂತಾಳ? ಫೋನ್ ಇಳಸಲಿಲ್ಲ. ಇಗಾ ನೋಡು, ಅಲ್ಲಿ ಕುಂತಾಳ."

ಅಡಿಗೆಮನೆಯ ಕಿಟಕಿಯಿಂದ ಊಟದ ಹಾಲ್ ಕಾಣುತ್ತಿತ್ತು. ಹೇಮಾ ಮದುಮಗಳ ಮನೆಯವರ ಪಂಕ್ತಿಯಲ್ಲಿ ಕುಳಿತಿದ್ದಳು. ಪೂಜಾಳ ತಾಯಿ ತಾನೇ ಬಗ್ಗಿ ಆಕೆಗೆ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಿದ್ದಳು. ಸಾಕೆಂದು ಹೇಮಾ ಅಡ್ಡ ಹಿಡಿದ ಕೈಯಲ್ಲಿ ಹೊಸ ಬಳೆಗಳಿದ್ದವು. ಗಿರಿಯಪ್ಪ ಅತ್ತ ನೋಡಲಿಲ್ಲ. "ಅನ್ನಕ್ಕ ಸಾರ ಹಾಕು," ಎಂದ.

ಮೂರನೆಯ ದಿನ ಮೈಲಾರಿ ಹಜಾಮನ ಅಂಗಡಿಯಿಂದ ಅರ್ಧ ಕಟಿಂಗಿಗೇ ಎದ್ದು ಮನೆಗೆ ಬಂದ. ಹೇಮಾ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಳು. ಅವನು ತನ್ನ ಫೋನನ್ನು ಆಕೆಯ ಮುಖಕ್ಕೆ ಹಿಡಿದ.

"ಏನಿದು?"

ರೀಲ್ಸಿನಲ್ಲಿ ಗಿರಿಯಪ್ಪ ಬೀಳುತ್ತಿದ್ದ. ಬಿದ್ದವನು ಹಿಂದಕ್ಕೆ ಎದ್ದು ಮತ್ತೆ ಬೀಳುತ್ತಿದ್ದ. ಹನ್ನೊಂದು ಲಕ್ಷ ಮಂದಿ ನೋಡಿದ್ದರು.

"ಲೋಹಿತ ಸರ್ ಹಾಕು ಅಂದ್ರು," ಎಂದಳು ಹೇಮಾ. "ಪೂಜಾನೂ ನಕ್ಕಳು. ಅವರ ಲಗ್ನ, ಅವರ ವಿಡಿಯೋ. ನಾ ಹೆಂಗ ಒಲ್ಲೆ ಅನ್ಲಿ?"

"ಅಪ್ಪ ಅವರಾಂವೇನು?"

"ಅಪ್ಪ ಅಂತ ಯಾರಿಗೆ ಗೊತ್ತೈತಿ?"

"ಹಜಾಮಗ ಗೊತ್ತೈತಿ! ಓಣಿಗೆ ಗೊತ್ತೈತಿ! ನಾ ಕುರ್ಚಿಮ್ಯಾಲ ಕುಂತಿದ್ನಿ, ಮುಂದ ಹಚ್ಚಿ ನಗಾಕತ್ತಿದ್ರು. ತಗದ್ ಹಾಕು ಅದನ್ನ. ಈಗ!"

"ಎರಡ ದಿನದಾಗ ಏಳು ಬುಕ್ಕಿಂಗ್ ಬಂದಾವ ಇದನ್ನ ನೋಡಿ. ತಗದ್ರ ಪೇಜು ಬಿದ್ದ ಹೋಗತೈತಿ."

"ಅಪ್ಪ ಬಿದ್ದಿದ್ದು ನಡೀತೈತಿ, ಪೇಜ ಬೀಳಬಾರ್ದು!"

ಗಿರಿಯಪ್ಪ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ. "ತಾ ಇಲ್ಲೆ," ಎಂದು ಫೋನು ಇಸಿದುಕೊಂಡು ತೋಳುದ್ದ ದೂರ ಹಿಡಿದು ನೋಡಿದ. ಎರಡು ಸಲ ನೋಡಿದ. ಆತನ ಮುಖದಲ್ಲಿ ಸಿಟ್ಟು ಕಾಣಬಹುದೆಂದು ಮಂಜವ್ವ ಕಾದಳು.

"ನನ್ನ ಸನಾದಿ ಎಲ್ಲೈತಿ ಇದ್ರಾಗ?" ಎಂದ ಆತ.

"ಕೈಯಾಗ ಐತೆಲ್ಲ ಅಪ್ಪಾ."

"ಕೈಯಾಗಿಂದಲ್ಲ. ಧ್ವನಿ. ಬೀಳೂ ಮುಂದನೂ ನಾ ಸ್ವರಾ ಬಿಟ್ಟಿದ್ದಿಲ್ಲ. ಇದರಾಗ ಕತ್ತೆ ಒದರಿದಂಗ ಕೇಳತೈತಿ."

ಹೇಮಾಳ ದನಿ ಇಳಿಯಿತು. "ಅದು ಈಗ ನಡದ ಆಡಿಯೋ. ಅದನ್ನ ಹಾಕಿದ್ರನ ವಿಡಿಯೋ ಓಡತೈತಿ. ಸನಾದಿ ಹಾಕಿದ್ರ ಯಾರೂ ನಿಂತು ನೋಡೂದಿಲ್ಲ."

ಗಿರಿಯಪ್ಪ ಫೋನನ್ನು ಮಗನಿಗೆ ಕೊಟ್ಟು ಮತ್ತೆ ಹಿತ್ತಲಿಗೆ ಹೋದ. ಆ ದಿನ ಊಟಕ್ಕೆ ಕೂತಾಗ ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ ಉಂಡರು.

ಉಗಾದಿ ಹತ್ತಿರ ಬಂದಾಗ ಹಿರೇಕೆರೂರಿನಿಂದ ಫೋನು ಬಂತು. ಹೇಮಾ ಒಲೆಯ ಮುಂದೆ ಅವ್ವನಿಗೆ ಕಾಯಿಪಲ್ಲೆ ಹೆಚ್ಚಿಕೊಡುತ್ತಿದ್ದಳು. ಕೈ ಹಸಿಯಾಗಿದ್ದರಿಂದ ಸ್ಪೀಕರಿಗೆ ಹಾಕಿದಳು. ಅತ್ತಲಿನವನು ಗಂಡಿನ ಕಾಕಾ. ರೀಲ್ಸಿಗೆ ಹೇಮಾಳೇ ಬರಬೇಕು, ಸಂಗಡ ಆ ಬೀಳುವ ಸನಾದಿಯವರನ್ನೂ ಕರಕೊಂಡು ಬರಬೇಕು ಎಂದ.

"ಅವರು ಬೀಳೂದಿಲ್ರಿ," ಎಂದಳು ಹೇಮಾ. "ಅವತ್ತ ಕಾಲ ಜಾರಿತ್ತರಿ."

"ಮತ್ತೊಮ್ಮೆ ಜಾರಿಸ್ರಲ್ಲ, ಮೇಡಮ್ಮರ! ಹುಡುಗರು ಆಶಾ ಪಟ್ಟಾರ."

ಆಕೆ ಫೋನು ಕಟ್ ಮಾಡಿದಳು. ಹೊಸ್ತಿಲಲ್ಲಿ ಕೂತಿದ್ದ ಗಿರಿಯಪ್ಪ ತಿರುಗಿದ. "ಯಾಕ ಒಲ್ಲೆ ಅಂದಿ? ತಾರೀಖು ಯಾವುದು ಕೇಳು."

ಮಂಜವ್ವನ ಕೈಯಲ್ಲಿನ ಉಳಾಗಡ್ಡಿ ಬುಟ್ಟಿಗೆ ಬಿತ್ತು. "ನಿಮಗ ಬುದ್ಧಿ ಐತೇನ್ರಿ?"

"ಈ ಹಂಗಾಮಿಗೆ ಇನ್ನ ಎರಡ ತಾರೀಖು ಅದಾವ ನನಗ. ಗೋಡಿ ನೋಡ್ಕೋಂತ ಕುಂದ್ರೂದಕ್ಕಿಂತ ಹೋಗಿ ಬಿದ್ದು ಬರ್ತೇನಿ. ಕರದಲ್ಲೆ ಹೋಗೂದು ನಮ್ಮ ಕಸಬು."

"ಬಾರಸೂದು ಕಸಬು. ಬೀಳೂದು ಯಾವಾಗ ಕಸಬಾತು?"

"ಅವರು ಕೇಳಿದ ದಿನಾ ಆತು."

ಮೈಲಾರಿ ಗೂಟಕ್ಕೆ ಹಾಕಿದ್ದ ಸಂಬಾಳವನ್ನು ಇಳಿಸಿ ಅಪ್ಪನ ಮುಂದೆ ಇಟ್ಟ. "ನಿನ್ನ ಸಂಗಡ ನಾ ಬರೂದಿಲ್ಲ. ಬೀಳಾಕ ತಾಳ ಬೇಕಾಗಿಲ್ಲ," ಎಂದ. ನಾಲ್ಕು ದಿನದಲ್ಲಿ ಶಿಗ್ಗಾಂವದ ಒಂದು ಗೋದಾಮಿನಲ್ಲಿ ಚೀಲ ಹೊರುವ ಕೆಲಸ ಹಿಡಿದು, ಅಲ್ಲಿಯೇ ಇನ್ನಿಬ್ಬರ ಖೋಲಿಯಲ್ಲಿ ಉಳಿದ. ಉಗಾದಿಯ ಬೇವು-ಬೆಲ್ಲಕ್ಕೂ ಬರಲಿಲ್ಲ.

ಹಿರೇಕೆರೂರಿನಿಂದ ಗಿರಿಯಪ್ಪ ಮೊಣಕೈ ತರಚಿಕೊಂಡು ಬಂದ. ಜಮಖಾನೆಯ ಕೆಳಗೆ ಗಾದಿ ಹಾಸಿದ್ದರಂತೆ, ಆತ ಗಾದಿಯ ಆಚೆ ಬಿದ್ದನಂತೆ. ಮಂಜವ್ವ ಅರಿಶಿನ ಕಲಸಿ ಹಚ್ಚಿದಳು. ಬಂಕಾಪುರದಲ್ಲಿ ಎರಡು ಸಲ ಬಿದ್ದ. ಆಮೇಲೆ ಎಲ್ಲಿ, ಎಷ್ಟು ಸಲ ಎಂದು ಕೇಳುವುದನ್ನು ಆಕೆ ಬಿಟ್ಟಳು. ಹೇಮಾ ಅಪ್ಪನನ್ನು ಬೇರೆ ಬಸ್ಸಿಗೆ ಹತ್ತಿಸಿ ತಾನು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು.

ಸವಣೂರಿನ ಲಗ್ನಕ್ಕೆ ದಿಲಾವರನ ಪಾತ್ರೆಗಳೇ ಹೋಗಿದ್ದವು. ಮಂಜವ್ವನೂ ಹೋದಳು. ನಗು ಕೇಳಿದಾಗ ಈ ಸಲ ಆಕೆ ಕೈ ತೊಳೆದು, ಸೆರಗು ಕಟ್ಟಿಕೊಂಡು ಮುಂದೆ ಬಂದು ಕಂಬದ ಮರೆಗೆ ನಿಂತಳು. ಗಿರಿಯಪ್ಪ ನೆಲದಲ್ಲಿ ಅಂಗಾತ ಬಿದ್ದಿದ್ದ. ಸನಾದಿಯನ್ನು ಎರಡೂ ಕೈಯಲ್ಲಿ ಎದೆಯ ಮೇಲೆ ಹಿಡಿದಿದ್ದ. ಸೂಟು ಹಾಕಿದ ಇಬ್ಬರು ಹುಡುಗರು ಆತನ ಅತ್ತ-ಇತ್ತ ಮಲಗಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಎಬ್ಬಿಸಲು ಯಾರೂ ಕೈ ಕೊಡಲಿಲ್ಲ. ಮತ್ತೆ ಬೀಳುವವನನ್ನು ಯಾಕೆ ಎಬ್ಬಿಸುವುದು? ಆತ ಮೊಣಕಾಲು ಊರಿ ತಾನೇ ಎದ್ದ, ಸೊಂಟದ ಮೇಲೆ ಕೈ ಇಟ್ಟುಕೊಂಡ, ಮಂದಿಗೆ ಕೈ ಮುಗಿದ. ಹೇಮಾ ಫೋನಿನ ಹಿಂದಿನಿಂದ ಹೆಬ್ಬೆರಳೆತ್ತಿ ಸರಿ ಎಂದಳು.

ಮರುದಿನ ಮಂಜವ್ವ ಯಾರಿಗೂ ಹೇಳದೆ ಶಿಗ್ಗಾಂವದ ಬಸ್ಸು ಹತ್ತಿದಳು. ಮೊದಲು ಹಾಕಿಸಿದವರೇ ತೆಗೆಸಬೇಕು ಎಂಬುದು ಆಕೆಯ ಲೆಕ್ಕ. ಮೈಲಾರಿಯ ಗೋದಾಮಿನ ಮುಂದೆಯೇ ಹಾಯ್ದರೂ ಅವನನ್ನು ಕಾಣಲಿಲ್ಲ. ಗೊತ್ತಾದರೆ ಅವನೂ ಬರುತ್ತಾನೆ, ಜಗಳ ತೆಗೆಯುತ್ತಾನೆ.

ಚನ್ನವೀರಪ್ಪ ಕೆಟ್ಟ ಮನುಷ್ಯನಲ್ಲ. ಕಟ್ಟೆಯ ಮೇಲೆ ಕುಳ್ಳಿರಿಸಿ, ಕಾಗದದ ಕಪ್ಪಿನಲ್ಲಿ ಚಹಾ ತರಿಸಿಕೊಟ್ಟು, "ಏನವಾ, ಎಲ್ಲಿಂದ ಬಂದಿ?" ಎಂದು ಕೇಳಿದ. ಆಕೆ ಹೇಳಿಕೊಂಡಳು. ಗಂಡ ದಿನಾ ಬೀಳುತ್ತಿದ್ದಾನೆ, ಮಗ ಮನೆ ಬಿಟ್ಟ, ಆ ಚಿತ್ರವೊಂದನ್ನು ತೆಗೆಸಿಬಿಡ್ರಿ ಎಂದಳು.

"ಅಯ್ಯ, ಅದರಾಗೇನೈತಿ? ನಾಕು ಮಂದಿ ನಕ್ಕಾರ. ಮಂದೀನ ನಗಸೂದು ಪುಣ್ಯೇದ ಕೆಲಸ. ಆತಗ ನಾವು ಮಾತಾಡಿದ್ದಕ್ಕಿಂತ ಹೆಚ್ಚಿಗೇನ ಕೊಟ್ಟು ಕಳಿಸೇವಿ."

"ಕೊಟ್ಟೀರಿ, ಇಲ್ಲ ಅನ್ನೂದಿಲ್ಲ. ಆದ್ರ ಅದನ್ನ ಹಿಡದಾಕಿ ಯಾರು ಗೊತ್ತೈತೇನ್ರಿ? ಸ್ವಂತ ಮಗಳರಿ. ಅಪ್ಪನ್ನ ಕೆಡವಿ ಮಗಳು ಚಿತ್ರಾ ತಗೀಬೇಕಂದ್ರ..." ಮಂಜವ್ವ ಸೆರಗು ಹಿಡಿದು ಅತ್ತಳು.

ಬಾಗಿಲಿನಲ್ಲಿ ನಿಂತಿದ್ದ ಚನ್ನವೀರಪ್ಪನ ಹೆಂಡತಿ ಹೊರಗೆ ಬಂದಳು. "ಯಾರು? ಆ ರೀಲ್ಸಿನ ಹುಡುಗಿ? ಹೇಮಾ ಮೇಡಮ್ಮು?"

"ಹೌದ್ರಿ. ನನ್ನ ಮಗಳು."

"ನಮ್ಮ ಪೂಜಾನ್ನ ದೇವರಮನಿಯೊಳಗ ಕುಂದ್ರಿಸಿ ತಗದ್ಲು," ಎಂದಳು ಆ ಹೆಂಗಸು, ಗಂಡನ ಕಡೆ ನೋಡಿ. "ನಮ್ಮ ಪಂಕ್ತಿಯೊಳಗ ಉಂಡ್ಲು. ನಾನ ಕೈಯಾರ ನೀಡೇನಿ."

ಮಂಜವ್ವ ಅಳುವುದನ್ನು ನಿಲ್ಲಿಸಿದಳು. ತಾನು ಏನು ಹೇಳಿಬಿಟ್ಟೆ ಎಂಬುದು ಆಗ ಆಕೆಗೆ ಹೊಳೆಯಿತು.

ಚನ್ನವೀರಪ್ಪ ಮಗನಿಗೆ ಫೋನು ಹಚ್ಚಿದ. "ಲೋಹಿತಾ, ಆ ಹುಡುಗಿ ಹಾಕಿದ್ದೆಲ್ಲಾ ತಗಸು. ಎಲ್ಲಾ. ದೇವರಮನಿದು ಮೊದಲ ತಗಸು. ನಿನ್ನ ಮಾವನ ಮಗಳ ಲಗ್ನಕ್ಕ ಬ್ಯಾರೆ ಯಾರನ್ನರ ನೋಡು." ಫೋನಿಟ್ಟು ಮಂಜವ್ವನ ಕಡೆ ತಿರುಗಿದ. ದನಿ ಮೊದಲಿನಷ್ಟೇ ಮೆತ್ತಗಿತ್ತು. "ಆತವಾ. ನೀ ಕೇಳಿದ್ದು ಆತು. ಹೋಗಿ ಬಾ."

ಸಂಜೆಯ ಹೊತ್ತಿಗೆ ರೀಲ್ಸು ಹೋಗಿತ್ತು. ಮಂಜವ್ವ ಮನೆ ಮುಟ್ಟುವ ಮೊದಲೇ ಹೇಮಾಳಿಗೆ ಎಲ್ಲ ಗೊತ್ತಾಗಿತ್ತು. ಪಡಸಾಲೆಯಲ್ಲಿ ಬಟ್ಟೆಯ ಚೀಲ ತುಂಬುತ್ತಿದ್ದಳು.

"ಕುತ್ತಿಗಿ ಕೊಯ್ದಿ ಅವ್ವಾ. ಚೂರಿ ತಗೊಂಡು ಬಸ್ಸಿನಾಗ ಹೋಗಿ ಕೊಯ್ದು ಬಂದಿ."

"ನಿಮ್ಮಪ್ಪನ ಸಲುವಾಗಿ ಹೋಗಿದ್ನಿ ಹೇಮಾ."

"ಅಪ್ಪನ ಸಲುವಾಗಿ ಏನಾತು? ಆ ವಿಡಿಯೋ ನೂರು ಮಂದಿ ಇಳಿಸ್ಕೊಂಡು ಹಾಕ್ಯಾರ. ಅದೇನು ನಿಂದರತೈತೇನು? ನಂದು ಒಂದ ತೆಗಸಿದ್ರು. ನಾಕು ಬುಕ್ಕಿಂಗು ಹೋದುವು. ಒಬ್ಬಾಂವ ಇನ್ನೂ ಕರೀತೇನಿ ಅಂತಾನ, ಅರ್ಧಾ ರೇಟಿಗೆ. ಹಿತ್ತಲ ಬಾಗಲದಿಂದ ಬಾ ಅಂತಾನ. ನಾ ಏನ್ ಹೇಳಿದ್ನಿ? ಇದನ್ನ ಹೇಳಿದ್ನಿ!"

"ನಾವು ಇಷ್ಟು ವರ್ಷ ಹಿತ್ತಲ ಬಾಗಲದಿಂದನ ಹೋಗೇವಿ. ಸತ್ತೇವೇನು?"

"ಅದಕ್ಕನ ಅಂತೇನಿ. ನಿಮಗ ರೂಢಿ ಆಗೈತಿ. ನನಗೂ ಆಗಲಿ ಅಂತ ನಿನ್ನ ಆಶಾ."

ಮಂಜವ್ವ ಕೈ ಎತ್ತಿದಳು. ಎತ್ತಿದ ಕೈಯನ್ನು ಗಿರಿಯಪ್ಪ ಹಿಡಿದ. ಹೇಮಾ ಚೀಲ ಎತ್ತಿಕೊಂಡು ಸವಣೂರಿಗೆ, ಫರ್ಹತಳ ಮನೆಗೆ ಹೋದಳು.

ನಾಲ್ಕು ಮಂದಿಯ ಮನೆಯಲ್ಲಿ ಇಬ್ಬರು ಉಳಿದರು. ಮಂಜವ್ವ ಮೊದಲಿನ ಅಳತೆಯಲ್ಲೇ ಹಿಟ್ಟು ನಾದಿ ದಿನಾ ನಾಲ್ಕು ರೊಟ್ಟಿ ಉಳಿಸುತ್ತಿದ್ದಳು. ಗಿರಿಯಪ್ಪನಿಗೆ ಫೋನುಗಳು ಬರುತ್ತಲೇ ಇದ್ದವು. ಹಾವೇರಿಯ ಇನ್ನೊಬ್ಬ ರೀಲ್ಸಿನ ಹುಡುಗ ಆತನನ್ನು ಎರಡು ಲಗ್ನಕ್ಕೆ ಒಯ್ದ. ಆತ ಹೋಗುತ್ತಿದ್ದ, ಬರುತ್ತಿದ್ದ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಗಂಡ-ಹೆಂಡತಿಯ ನಡುವೆ ಬೇರೆ ಮಾತಿರಲಿಲ್ಲ.

ಬಸವಜಯಂತಿಯ ಎರಡು ದಿನ ಮೊದಲು ಗೌಸಬಿ ಫೋನು ಹಿಡಿದುಕೊಂಡು ಓಡಿ ಬಂದಳು. "ಮಂಜವ್ವಾ, ನಿನ್ನ ಮಗಳನ್ನ ನೋಡ ಬಾ. ಕಲ್ಲು ಕರಗತೈತಿ."

ಫೋನಿನಲ್ಲಿ ಹೇಮಾ ಇದ್ದಳು. ಮುಖಕ್ಕೆ ಬಣ್ಣವಿಲ್ಲ, ತಲೆ ಕೆದರಿತ್ತು. ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದಳು. ಹೌದು, ನೀವೆಲ್ಲ ನೋಡಿ ನಕ್ಕ ಆ ಮನುಷ್ಯ ನನ್ನ ಅಪ್ಪ, ಎನ್ನುತ್ತಿದ್ದಳು. ನಾನು ವಾಲಗದವರ ಮಗಳು, ಅದನ್ನು ಮುಚ್ಚಿಟ್ಟೆ, ಮುಚ್ಚಿಟ್ಟದ್ದಕ್ಕೆ ನಾಚಿಕೆಯಾಗಿದೆ, ನನ್ನ ಅಪ್ಪ ಬಿದ್ದದ್ದು ನನ್ನನ್ನು ಎತ್ತಲಿಕ್ಕೆ, ಎಂದಳು. ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಹಿಂದೆ ಸನಾದಿ ಕೇಳುತ್ತಿತ್ತು. ಗಿರಿಯಪ್ಪನದಲ್ಲ, ಬೇರೆ ಯಾರದೋ.

ಗೌಸಬಿ ಕಣ್ಣೊರೆಸಿಕೊಂಡಳು. "ಎಷ್ಟ ಚೆಂದ ಹೇಳ್ಯಾಳ ನೋಡು. ಇಪ್ಪತ್ತು ಲಕ್ಷ ಮಂದಿ ನೋಡ್ಯಾರ."

ಮಂಜವ್ವ ಫೋನನ್ನು ಹತ್ತಿರ ಹಿಡಿದು ಮತ್ತೆ ನೋಡಿದಳು. ಮಗಳ ಅಳು ಸುಳ್ಳಲ್ಲ. ಹುಟ್ಟಿದಾಗಿನಿಂದ ನೋಡಿದ ಅಳು ಅದು, ಕೆಳದುಟಿ ಹಾಗೆಯೇ ನಡುಗುತ್ತಿತ್ತು. ಫೋನು ತಿರುಗಿ ಕೊಡುತ್ತ ಕೇಳಿದಳು. "ಅಳೂ ಮುಂದ ಫೋನ್ ಯಾರು ಹಿಡದಿದ್ರು ಗೌಸಬಿ?"



ಬಸವಜಯಂತಿ ಮುಗಿದು ಮೂರು ದಿನಕ್ಕೆ ಹೇಮಾ ತಾನೇ ಬಂದಳು. ಅಪ್ಪನಿಗೆ ರೇಶಿಮೆ ಅಂಚಿನ ಹೊಸ ಧೋತರ, ಜರಿ ರುಮಾಲು. ಅವ್ವನಿಗೆ ಇಳಕಲ್ಲ ಸೀರೆ. ಸೀರೆಯನ್ನು ಮಂಜವ್ವ ಮುಟ್ಟಲಿಲ್ಲ. ಹೇಮಾ ಅದನ್ನು ಟ್ರಂಕಿನ ಮೇಲಿಟ್ಟು ಅಪ್ಪನ ಎದುರು ಕುಳಿತಳು.

"ಇಬ್ಬರನೂ ಕೂಡೆ ಕರೀತಾರ ಈಗ. ಅಪ್ಪ-ಮಗಳು. ರಾಣೆಬೆನ್ನೂರು, ಹುಬ್ಬಳ್ಳಿ, ದಾವಣಗೆರಿ. ಮುಂದಿನ ಬಾಗಲದಿಂದ ಕರೀತಾರ ಅಪ್ಪಾ, ಹೆಸರ ಹಿಡದು. ಯಾರೂ ಮುಚ್ಚಿಡೂದು ಬ್ಯಾಡ."

"ಹೋಗಿ ಏನ್ ಮಾಡಬೇಕು?" ಎಂದಳು ಮಂಜವ್ವ.

ಹೇಮಾ ಅವ್ವನ ಕಡೆ ನೋಡದೆ ಹೇಳಿದಳು. "ಮೊದಲ ಬಾರಸ್ತಾನ. ಒಂದ ನಿಮಿಷ. ಆಮ್ಯಾಲ... ಮಂದಿ ಅದನ್ನ ನೋಡಾಕ ಕರೀತಾರವ್ವಾ, ನಾ ಏನ್ ಮಾಡ್ಲಿ?"

"ನೋಡ್ರಿ, ನಾ ಒಂದ ಹೇಳ್ತೇನಿ," ಮಂಜವ್ವ ಗಂಡನ ಮುಂದೆ ಬಂದು ನಿಂತಳು. "ಕೂಲಿ ಮಾಡೂಣು. ದಿಲಾವರಗ ಹೇಳಿದ್ರ ನಿಮಗೂ ಪೆಂಡಾಲದ ಕೆಲಸಾ ಕೊಡ್ತಾನ. ಮೈಲಾರೀನ ಕರಸೂಣು. ಇದೊಂದ ಬಿಡ್ರಿ. ನಾ ನಿಮ್ಮ ಕಾಲಿಗೆ ಬೀಳ್ತೇನಿ."

ಗಿರಿಯಪ್ಪ ಹೊಸ ರುಮಾಲನ್ನು ತೊಡೆಯ ಮೇಲೆ ಬಿಚ್ಚಿ ನೋಡುತ್ತಿದ್ದ.

"ಮಂಜವ್ವಾ, ಮೂವತ್ತೈದು ವರ್ಷ ಬಾರಿಸೇನಿ. ಎಷ್ಟ ಮಂದಿ ಮಾಂಗಲ್ಯ ನನ್ನ ಸನಾದಿ ಮುಂದ ಕಟ್ಟ್ಯಾರ? ಒಬ್ಬಾಂವರ ಒಂದ ದಿನಾ ನಿನ್ನ ಹೆಸರೇನಪಾ ಅಂತ ಕೇಳ್ಯಾನೇನು? 'ಏ ಬಾಜಾದವ್ರ, ಸುರು ಮಾಡ್ರಿ. ಏ ಬಾಜಾದವ್ರ, ಬಂದ್ ಮಾಡ್ರಿ.' ಮುಗೀತು. ಮೊನ್ನಿ ಹಿರೇಕೆರೂರ ಸ್ಟ್ಯಾಂಡಿನಾಗ ಇಳದ್ನಿ, ಚಹಾದಂಗಡಿಯಾಂವ ಎದ್ದು ನಿಂತು, ಗಿರಿಯಪ್ಪಣ್ಣ ಬರ್ರಿ ಕುಂದರ್ರಿ ಅಂದ. ಚಹಾದ ರೊಕ್ಕ ತಗೊಳ್ಳಲಿಲ್ಲ."

"ಬಿದ್ದದ್ದಕ್ಕ ಕೊಟ್ಟ ಚಹಾ ಅದು."

"ಬಾರಿಸಿದ್ದಕ್ಕ ಯಾರೂ ಕೊಡಲಿಲ್ಲಲ್ಲ."

ಮಂಜವ್ವ ಗಂಡನ ಮುಖ ನೋಡಿದಳು. ಆತ ಖುಷಿಯಾಗಿದ್ದ. ಇಷ್ಟು ದಿನ ಎಣ್ಣೆ ಹಚ್ಚಿದ ಬೆನ್ನು ನೋಡಿದ್ದಳೇ ಹೊರತು, ಈ ಮುಖವನ್ನು ಆಕೆ ನೋಡಿರಲಿಲ್ಲ.

ಮರುದಿನ ಮುಂಜಾನೆ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮಂಜವ್ವ ನೀರು ತುಂಬಿಕೊಂಡು ಬಂದಾಗ ಅಂಗಳದ ನಡುವೆ ಕೌದಿ ಹಾಸಿತ್ತು, ಆಕೆಯ ಅವ್ವ ಹೊಲಿದುಕೊಟ್ಟ ದಪ್ಪ ಕೌದಿ. ಹೊಸ ರುಮಾಲು ಸುತ್ತಿಕೊಂಡ ಗಿರಿಯಪ್ಪ ಅದರ ಅಂಚಿಗೆ ಬೆನ್ನು ಮಾಡಿ ನಿಂತಿದ್ದ. ಎದುರಿಗೆ ಹೇಮಾ ಫೋನು ಹಿಡಿದಿದ್ದಳು. "ಕಾಲ ಮೊದಲ ಎತ್ತಬ್ಯಾಡ ಅಪ್ಪಾ, ಬೇಕಂತ ಬಿದ್ದಂಗ ಕಾಣತೈತಿ," ಎನ್ನುತ್ತಿದ್ದಳು. ಆತ ತಲೆಯಾಡಿಸಿ, ಕಾಲು ಸರಿಮಾಡಿಕೊಂಡು ಮತ್ತೆ ನಿಂತ.

ಮಂಜವ್ವ ಕೊಡ ಇಳಿಸಿದಳು. ಬಗ್ಗಿ ಕೌದಿಯನ್ನು ಎಳೆದುಕೊಂಡು, ಎರಡು ಸಲ ಝಾಡಿಸಿ, ಮಡಚಿ ಒಳಗೆ ಒಯ್ದಳು. ಅಪ್ಪ-ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಕೆ ಒಲೆ ಹಚ್ಚಿ ಹೆಂಚು ಇಟ್ಟಳು. ಕೌದಿ ಇಲ್ಲದ ಮೇಲೆ ನಿಲ್ಲಿಸಿಯಾರು ಎಂದುಕೊಂಡಳು. ಮೊದಲ ರೊಟ್ಟಿ ಹಾಕಿದಳು. ಹೊರಗೆ ಗಟ್ಟಿ ನೆಲಕ್ಕೆ ಮೈ ಬಿದ್ದ ಸಪ್ಪಳ ಕೇಳಿತು.

"ಈಗ ಖರೇ ಬಿದ್ದಂಗ ಬಂತು ಅಪ್ಪಾ," ಎಂದಳು ಹೇಮಾ.